ಗಾಳಿಬೀಡಿನ ಆರು ವೋಲ್ಟ್ ಜೀಪು

ಮಳೆಗಾಲದಲ್ಲಿ ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಕಾಣುವುದು ಮಂಜು, ಆಮೇಲೆ ಜೀಪು. ‘ಮಾಂದಲಪಟ್ಟಿ, ಮಾಂದಲಪಟ್ಟಿ’ ಎಂದು ಕೂಗುವ ಚಾಲಕರು, ಕೆಸರು ಮೆತ್ತಿದ ಮಡ್‌ಗಾರ್ಡುಗಳು, ಬದಿಗೆ ಇಳಿಬಿಟ್ಟ ಟಾರ್ಪಾಲು. ಪ್ರವಾಸಿಗಳಿಗೆ ಇದು ಅರ್ಧ ದಿನದ ಮೋಜು. ಆದರೆ ಪೇಟೆಯಿಂದ ಹತ್ತು ಕಿಲೋಮೀಟರ್ ಆಚೆ, ಗಾಳಿಬೀಡನ್ನು ದಾಟಿ ತೋಟಗಳ ಒಳಗೆ ಹೋದರೆ ಜೀಪೆಂದರೆ ಮೋಜಲ್ಲ. ಅಕ್ಕಿ, ಗೊಬ್ಬರ, ಗ್ಯಾಸ್ ಸಿಲಿಂಡರು, ಜ್ವರ ಬಂದವರು, ಶಾಲೆಯ ಮಕ್ಕಳು, ಎಲ್ಲವನ್ನೂ ಅದೇ ಹೊರಬೇಕು.

ಅಂಥದೊಂದು ಜೀಪನ್ನು ನೋಡಲು 2023ರ ಆಗಸ್ಟ್ ಮೊದಲ ಶನಿವಾರ ನಾನು ಮೈಸೂರಿನಿಂದ ಹೊರಟೆ. ನನ್ನ ಹಳೆಯ ಶಿಷ್ಯೆಯೊಬ್ಬಳು ಈಗ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಅವಳ ಅಜ್ಜ ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು. ‘ಸರ್, ಅಜ್ಜನ ಜೀಪು ಚಾರ್ಜ್ ಆಗುತ್ತಿಲ್ಲ. ಎರಡು ಬ್ಯಾಟರಿ ಬದಲಾಯಿಸಿದ್ದಾಯಿತು. ನೀವು ಎಂಟನೇ ಕ್ಲಾಸಿನಲ್ಲಿ ಡೈನಮೊ ಬಿಚ್ಚಿ ತೋರಿಸಿದ್ದಿರಲ್ಲ, ಒಂದು ಸಲ ಬನ್ನಿ’ ಎಂದು ಫೋನ್ ಮಾಡಿದ್ದಳು. ಶನಿವಾರದ ಬೆಳಗಿನ ತರಗತಿ ಮುಗಿಸಿ, ಚೀಲದಲ್ಲಿ ಒಂದು ಮಲ್ಟಿಮೀಟರು, ಒಂದು ಹೈಡ್ರಾಮೀಟರು, ಒಂದಿಷ್ಟು ತಂತಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೆ ಎರಡೂ ಬದಿ ತಂಬಾಕಿನ ಹೊಲ, ನಡುನಡುವೆ ಎಲೆ ಬೇಯಿಸುವ ಬ್ಯಾರನ್ನುಗಳು. ಕುಶಾಲನಗರದಲ್ಲಿ ಕಾವೇರಿ ದಾಟಿದ ಮೇಲೆ ಗಾಳಿಯ ವಾಸನೆಯೇ ಬೇರೆ. ಸುಂಟಿಕೊಪ್ಪದಿಂದ ಮೇಲೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಜುಲೈ ಕೊನೆಯ ವಾರ ಸುರಿದ ಮಳೆಯ ಗುರುತು ರಸ್ತೆಯಂಚಿನ ಕೆಂಪು ಮಣ್ಣಿನಲ್ಲಿ ಇನ್ನೂ ಹಸಿಯಾಗಿತ್ತು.

ಮಡಿಕೇರಿಯಲ್ಲಿ ಶಿಷ್ಯೆ ಕಾದಿದ್ದಳು. ಬ್ಯಾಟರಿ ಅಂಗಡಿಯವರು ನಾಲ್ಕು ಗಂಟೆಗೆ ಬನ್ನಿ ಎಂದಿದ್ದರಂತೆ. ಆ ಸಮಯದಲ್ಲಿ ‘ಸನ್ನಿಸೈಡ್’ ನೋಡಿ ಬಂದೆವು. ಜನರಲ್ ತಿಮ್ಮಯ್ಯನವರು ಬಾಳಿದ ಮನೆ ಅದು. 2021ರ ಫೆಬ್ರವರಿಯಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಮಕ್ಕಳನ್ನು ಕರೆದುಕೊಂಡು ಕೊಡಗಿಗೆ ಹೋಗುವ ತಂದೆತಾಯಿಗಳು ಅಬ್ಬಿ ಜಲಪಾತದ ಜೊತೆಗೆ ಇದಕ್ಕೂ ಒಂದು ಗಂಟೆ ಇಡಬೇಕು. ಅಲ್ಲಿರುವ ಸೈನ್ಯದ ಸಾಮಗ್ರಿಗಳನ್ನು ನೋಡುತ್ತ ಹುಡುಗಿ, ‘ನಮ್ಮ ಜೀಪನ್ನೂ ಇಲ್ಲಿಗೇ ಕೊಟ್ಟುಬಿಡಿ ಅಂತ ಎಲ್ಲರೂ ಹೇಳ್ತಾರೆ ಸರ್. ಅಜ್ಜ ಒಪ್ಪೋದಿಲ್ಲ’ ಎಂದಳು. ಅಜ್ಜ ಒಪ್ಪದಿರುವುದಕ್ಕೆ ಕಾರಣ ಬರೀ ವ್ಯಾಮೋಹವಲ್ಲ ಎಂಬುದು ಅವರ ತೋಟದ ದಾರಿ ನೋಡಿದ ಮೇಲೆ ಗೊತ್ತಾಯಿತು.

ಆ ಜೀಪು ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಇಂಥ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದವು. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 60 ಅಶ್ವಶಕ್ತಿ, ಅಗಲ ಐದು ಅಡಿ ಎರಡು ಅಂಗುಲ, ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಸ್ಟಿಯರಿಂಗು ಎಡಗಡೆ. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು. (ಆಮೇಲಿನ ನಾಗರಿಕ ಜೀಪುಗಳಲ್ಲಿ ಏಳು. ಹಳೆಯ ಜೀಪು ಕಂಡಾಗ ಮಕ್ಕಳು ಎಣಿಸಿ ನೋಡಬಹುದು.) ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದ ಸೇನಾ ಸಾಮಗ್ರಿಯನ್ನೆಲ್ಲ ‘ಡಿಸ್ಪೋಸಲ್’ ಎಂದು ಮಾರಿದರು. ಮಹೀಂದ್ರದವರು ಮುಂಬಯಿಯಲ್ಲಿ ಜೀಪು ಜೋಡಿಸಲು ತೊಡಗಿದ್ದು 1947ರಲ್ಲಿ. ಅದಕ್ಕೂ ಮೊದಲು ಕಾಫಿ ತೋಟಗಳಿಗೆ ಬಂದದ್ದು ಈ ಡಿಸ್ಪೋಸಲ್ ಗಾಡಿಗಳೇ. ಸುಬೇದಾರರ ತಂದೆ ಅಂಥದೊಂದನ್ನು ಕೊಂಡವರು.

ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟಿದ್ದ ಬ್ಯಾಟರಿಯನ್ನು ಮೀಟರಿಗೆ ಹಿಡಿದೆ: 6.3 ವೋಲ್ಟ್. ಒಂದೊಂದು ಸೆಲ್ಲಿಗೆ 2.1ರಂತೆ ಮೂರು ಸೆಲ್ಲಿಗೆ ಸರಿಯಾದ ಲೆಕ್ಕ. ಹೈಡ್ರಾಮೀಟರೂ ಮೂರೂ ಸೆಲ್ಲುಗಳಲ್ಲಿ ಒಂದೇ ಮಟ್ಟ ತೋರಿಸಿತು. ಒಂದು ಸೆಲ್ ಸತ್ತಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ‘ಈ ಬ್ಯಾಟರಿಯಲ್ಲಿ ಏನೂ ತೊಂದರೆ ಇಲ್ಲವಲ್ಲ’ ಎಂದೆ. ‘ಮೊದಲಿನದರಲ್ಲೂ ಇರಲಿಲ್ಲವೇನೋ ಸರ್, ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆವು’ ಎಂದಳು ಹುಡುಗಿ.

ಬಾಡಿಗೆ ಜೀಪಿನಲ್ಲಿ ಗಾಳಿಬೀಡು ದಾಟಿ ಬಲಕ್ಕೆ ಹೊರಳಿದ ಮೇಲೆ ಡಾಂಬರು ಮುಗಿಯಿತು. ಎರಡು ಕಿಲೋಮೀಟರ್ ಕಲ್ಲುಹಾಸಿನ ಇಳಿಜಾರು. ಆಮೇಲೆ ಒಂದು ತಿರುವು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿದಾಗ ಈ ತಿರುವಿನ ಅರ್ಧ ಭಾಗ ಕೆಳಗಿನ ತೋಡಿಗೆ ಹೋಯಿತಂತೆ. ಉಳಿದರ್ಧದಲ್ಲಿ ಒಂದು ವಾಹನ ಹೋಗಬಹುದು. ಅದರ ಬುಡದಲ್ಲಿ ಮರದ ದಿಮ್ಮಿಗಳ ಸೇತುವೆ. ನಮ್ಮ ಬಾಡಿಗೆ ಜೀಪಿನವನು ಸೇತುವೆಯ ಮುಂದೆ ನಿಲ್ಲಿಸಿ, ‘ಇದರ ಮೇಲೆ ಸುಬೇದಾರರ ಗಾಡಿ ಮಾತ್ರ ಹೋಗುವುದು, ನಮ್ಮದು ಭಾರ’ ಎಂದು ಇಳಿಸಿದ. ಬ್ಯಾಟರಿಯನ್ನು ತೋಟದ ಆಳೊಬ್ಬ ಹೆಗಲ ಮೇಲಿಟ್ಟುಕೊಂಡು ನಡೆದ. ಸೇತುವೆಯ ಆಚೆಗೆ ಲೈನು ಮನೆಗಳು, ಇನ್ನೂ ಮೇಲೆ ಸುಬೇದಾರರ ಮನೆ.

ಲೈನು ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಐವರು. ಬೆಳಿಗ್ಗೆ ಏಳೂವರೆಗೆ ಸುಬೇದಾರರು ಅವರನ್ನು ಬಸ್ ನಿಲ್ಲುವ ಕಡೆಗೆ ಬಿಡುವುದು, ಸಂಜೆ ಕರೆತರುವುದು. ಮಳೆಗಾಲದಲ್ಲಿ, ಮಂಜು ಕವಿದರೆ, ಸಂಜೆ ಐದೂವರೆಗೇ ದೀಪ ಬೇಕು. ಜೂನ್ ಕೊನೆಗೆ ಒಂದು ಸಂಜೆ ಆ ತಿರುವಿನ ಹತ್ತಿರವೇ ದೀಪಗಳು ಕೆಂಪಾಗಿ, ಕೆಂಡದಂತಾಗಿ, ಎಂಜಿನ್ನೂ ನಿಂತಿತು. ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಬಂದರಂತೆ. ಹೊಸ ಬ್ಯಾಟರಿ ಹಾಕಿದ ನಾಲ್ಕೈದು ದಿನಕ್ಕೆ ಮತ್ತೆ ಅದೇ ಕತೆ. ಜುಲೈ ಮಧ್ಯದಿಂದ ಸುಬೇದಾರರು ಜೀಪು ತೆಗೆಯುವುದನ್ನೇ ನಿಲ್ಲಿಸಿದ್ದರು. ನಾಲ್ಕು ಮಕ್ಕಳು ಜಿಗಣೆ ಕಚ್ಚಿಸಿಕೊಂಡು ನಡೆದು ಹೋಗುತ್ತಿದ್ದರು. ಐದನೆಯವಳನ್ನು, ಎರಡನೇ ಕ್ಲಾಸಿನ ಪುಟ್ಟ ಹುಡುಗಿಯನ್ನು, ತಾಯಿ ಮನೆಯಲ್ಲೇ ಉಳಿಸಿಕೊಂಡಿದ್ದಳು.

ಮನೆ ಸೇರಿದಾಗ ಬೆಲ್ಲದ ಕಾಫಿ ಕಾದಿತ್ತು. ಕಕ್ಕಡ ತಿಂಗಳು. ಎರಡು ದಿನದ ಹಿಂದಷ್ಟೇ ಕಕ್ಕಡ ಹದಿನೆಂಟು ಮುಗಿದಿತ್ತು. ಅಂದು ಮದ್ದುಸೊಪ್ಪಿನ ರಸ ಹಾಕಿ ಪಾಯಸ ಮಾಡುತ್ತಾರೆ. ನನಗೋಸ್ಕರ ಮತ್ತೊಮ್ಮೆ ಮಾಡಿದ್ದರು. ನೇರಳೆ ಬಣ್ಣದ ಆ ಪಾಯಸದಲ್ಲಿ ಹದಿನೆಂಟು ಔಷಧಗಳಿವೆ ಎಂಬುದು ನಂಬಿಕೆ. ನಾನು ಎಣಿಸಲು ಹೋಗಲಿಲ್ಲ, ಎರಡು ಬಟ್ಟಲು ಮುಗಿಸಿದೆ.

ಅಂಗಳದ ಕೊಟ್ಟಿಗೆಯಲ್ಲಿ ಜೀಪು. ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದವರು ಆ ಕಡೆಯ ಹಳೆಯ ಮೆಕ್ಯಾನಿಕ್, ಊರವರಿಗೆಲ್ಲ ‘ಕಾಕ’. ಜೀಪಿನ ಎಂಜಿನ್ನನ್ನು ನಿದ್ದೆಯಲ್ಲೂ ಬಿಚ್ಚಿ ಜೋಡಿಸಬಲ್ಲವರು. ಬ್ಯಾಟರಿ ಬಂದದ್ದು ನೋಡಿ ತಾವಾಗಿಯೇ ಬೀಡಿ ಆರಿಸಿದರು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಒಂದು ಕಿಡಿ ಸಾಕು ಎಂದು ನಾನು ಹೇಳಬೇಕಾಗಲಿಲ್ಲ.

‘ಮಾಷೇ, ರೆಗ್ಯುಲೇಟರ್ ಹೋಗಿದೆ. ಆರು ವೋಲ್ಟಿನದು ಈಗೆಲ್ಲಿ ಸಿಗ್ತದೆ? ಇದನ್ನೆಲ್ಲ ಕಿತ್ತು ಹನ್ನೆರಡು ವೋಲ್ಟು ಮಾಡಿ, ಮಾರುತಿಯ ಆಲ್ಟರ್ನೇಟರ್ ಕೂರಿಸುವಾ’ ಎಂದರು ಕಾಕ. ಅದು ತಪ್ಪು ಸಲಹೆಯೇನಲ್ಲ. ಎಷ್ಟೋ ಹಳೆಯ ಜೀಪುಗಳು ಹಾಗೆಯೇ ಬದುಕಿಕೊಂಡಿವೆ. ಆದರೆ ಅದಕ್ಕೆ ಬಲ್ಬು, ಕಾಯಿಲ್, ಮೀಟರು ಎಲ್ಲ ಬದಲಾಗಬೇಕು. ಶಾಲೆ ನಡೆಯುತ್ತಿರುವ ಆಗಸ್ಟ್ ತಿಂಗಳಲ್ಲಿ ಅಷ್ಟು ಸಮಯ ಯಾರಿಗಿದೆ? ಅದಕ್ಕಿಂತ ಹೆಚ್ಚಾಗಿ, ಏನು ಕೆಟ್ಟಿದೆ ಎಂದು ತಿಳಿಯದೆ ಎಲ್ಲವನ್ನೂ ಬದಲಾಯಿಸುವುದು ನನಗೆ ಸರಿ ಬರುವುದಿಲ್ಲ. ಎರಡು ಬ್ಯಾಟರಿ ಆಗಲೇ ಹಾಗೆ ಹೋಗಿತ್ತು.

ಆರು ವೋಲ್ಟಿನ ಗಾಡಿಗೆ ತಪ್ಪು ಸಂಪರ್ಕವೆಂದರೆ ಆಗದು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಿ. ಒಂದು ಹೆಡ್‌ಲೈಟು ಸುಮಾರು 45 ವ್ಯಾಟ್. ಎರಡಕ್ಕೆ 90. ಆರು ವೋಲ್ಟಿನಲ್ಲಿ ಅದು 15 ಆಂಪಿಯರ್ ಎಳೆಯುತ್ತದೆ, ಹನ್ನೆರಡು ವೋಲ್ಟಿನಲ್ಲಾದರೆ ಏಳೂವರೆ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಬರೀ 0.05 ಓಮ್ ರೋಧ ಇದೆ ಎನ್ನಿ. ಆರು ವೋಲ್ಟಿನ ಗಾಡಿಯಲ್ಲಿ ಅಲ್ಲೇ 0.75 ವೋಲ್ಟ್ ಖರ್ಚು, ಅಂದರೆ ಎಂಟರಲ್ಲೊಂದು ಪಾಲು. ಹನ್ನೆರಡು ವೋಲ್ಟಿನದರಲ್ಲಿ ಖರ್ಚು 0.375, ಮೂವತ್ತೆರಡರಲ್ಲೊಂದು ಪಾಲು. ಒಂದೇ ತುಕ್ಕು, ನಾಲ್ಕು ಪಟ್ಟು ನಷ್ಟ.

ಇನ್ನೊಂದು ಲೆಕ್ಕವನ್ನು ಹುಡುಗಿಯೇ ಮಾಡಿದಳು. ದೀಪಕ್ಕೆ 15, ಹಿಂದಿನ ದೀಪ ಮತ್ತು ಎಂಜಿನ್ನಿನ ಕಿಡಿಗೆ ಇನ್ನೊಂದು 5, ಒಟ್ಟು 20 ಆಂಪಿಯರ್. ನೂರು ಆಂಪಿಯರ್-ಗಂಟೆಯ ಬ್ಯಾಟರಿ ಏನೂ ಚಾರ್ಜು ಪಡೆಯದಿದ್ದರೆ ಐದು ಗಂಟೆ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಮೇಲೆ ಸ್ಟಾರ್ಟ್ ಮಾಡಿದಾಗಲೆಲ್ಲ ನೂರಾರು ಆಂಪಿಯರ್ ಎಳೆತ. ‘ನಾಲ್ಕೈದು ದಿನಕ್ಕೆ ಸರಿಹೋಯಿತು ಸರ್! ಅಂದರೆ ಚಾರ್ಜು ಕಡಿಮೆ ಅಲ್ಲ, ಚಾರ್ಜೇ ಇಲ್ಲ’ ಎಂದಳು. ಆಳು ತಂದ ಬ್ಯಾಟರಿಗೆ ಬೈಯುವುದು ಅಲ್ಲಿಗೆ ಮುಗಿಯಿತು.

ಡ್ಯಾಶ್‌ಬೋರ್ಡಿನ ಆಮೀಟರಿನಲ್ಲಿ ಸೊನ್ನೆ ನಡುವೆ ಇದೆ. ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿಗೆ ಬರುತ್ತಿದೆ, ಎಡಕ್ಕೆ ಹೋದರೆ ಬ್ಯಾಟರಿಯಿಂದ ಹೋಗುತ್ತಿದೆ. ಕಾಕ ಎಂಜಿನ್ ಶುರುಮಾಡಿ ವೇಗ ಏರಿಸಿದರು. ಮುಳ್ಳು ಎಡಗಡೆಯೇ ನಿಂತಿತು. ಬ್ಯಾಟರಿಯ ತುದಿಗಳಲ್ಲಿ 6.1 ವೋಲ್ಟ್. ಚಾರ್ಜು ಸರಿಯಿದ್ದರೆ ಅದು ಏಳರ ಮೇಲೆ, 7.2ರ ಸುತ್ತಮುತ್ತ ಇರಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆವು, ಬಿಗಿಯಾಗಿತ್ತು. ಬ್ಯಾಟರಿಯಿಂದ ಚಾಸಿಗೂ ಚಾಸಿಯಿಂದ ಎಂಜಿನ್ನಿಗೂ ಹೋಗುವ ಅರ್ಥ್ ಪಟ್ಟಿಗಳು ಗಟ್ಟಿಯಾಗಿದ್ದವು. ಇನ್ನು ಉಳಿದದ್ದು ಡೈನಮೊ, ರೆಗ್ಯುಲೇಟರ್, ನಡುವಿನ ತಂತಿಗಳು.

ಇಲ್ಲಿ ಸ್ವಲ್ಪ ನಿಂತು ಡೈನಮೊ ವಿಷಯ ಹೇಳಬೇಕು, ಏಕೆಂದರೆ ಇದು ಪಠ್ಯಪುಸ್ತಕದ ಫ್ಯಾರಡೆಯೇ ಗ್ರೀಸು ಬಳಿದುಕೊಂಡು ಕುಳಿತಂತೆ ಇರುತ್ತದೆ. ಈಗಿನ ಕಾರುಗಳ ಆಲ್ಟರ್ನೇಟರಿನಲ್ಲಿ ತಿರುಗುವುದು ಕಾಂತ. ಹಳೆಯ ಡೈನಮೊದಲ್ಲಿ ಕಾಂತ ಸುತ್ತಲೂ ನಿಂತಿರುತ್ತದೆ, ನಡುವೆ ಆರ್ಮೇಚರ್ ತಿರುಗುತ್ತದೆ. ಆ ಕಾಂತವೂ ಶಾಶ್ವತ ಕಾಂತವಲ್ಲ, ಕಬ್ಬಿಣಕ್ಕೆ ಸುತ್ತಿದ ಸುರುಳಿ. ಹಾಗಾದರೆ ಮೊಟ್ಟಮೊದಲು ಕಾಂತಕ್ಷೇತ್ರ ಎಲ್ಲಿಂದ ಬಂತು? ಹಿಂದಿನ ಸಲ ಓಡಿದಾಗ ಕಬ್ಬಿಣದಲ್ಲಿ ಉಳಿದ ಒಂದಿಷ್ಟು ಕಾಂತತ್ವದಿಂದ. ಆ ಉಳಿಕೆಯಿಂದ ಒಂದು ವೋಲ್ಟಿನಷ್ಟು ಹುಟ್ಟುತ್ತದೆ. ಅದು ಸುರುಳಿಗೆ ಹರಿದು ಕಾಂತತ್ವ ಹೆಚ್ಚುತ್ತದೆ, ಕಾಂತತ್ವ ಹೆಚ್ಚಿ ವೋಲ್ಟು ಹೆಚ್ಚುತ್ತದೆ. ಬಡ್ಡಿ ಅಸಲಿಗೆ ಸೇರಿ ಮತ್ತೆ ಬಡ್ಡಿ ತಂದ ಹಾಗೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಡೈನಮೊ ಈ ಉಳಿಕೆಯನ್ನು ಕಳೆದುಕೊಂಡಿರುವುದೂ ಉಂಟು. ಆಗ ಈ ಜಾತಿಯ ಡೈನಮೊಗೆ, ರೆಗ್ಯುಲೇಟರಿನ ಬ್ಯಾಟರಿ ತುದಿಯನ್ನೂ ಆರ್ಮೇಚರ್ ತುದಿಯನ್ನೂ ಒಂದು ತಂತಿಯಿಂದ ಕ್ಷಣಮಾತ್ರ ಮುಟ್ಟಿಸಿದರೆ ಸಾಕು, ನೆನಪು ಮರಳುತ್ತದೆ. (ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದನ್ನು ಎಂದೂ ಮಾಡಬೇಡಿ. ಡಯೋಡುಗಳು ಸುಟ್ಟುಹೋಗುತ್ತವೆ.)

ಈ ಬಡ್ಡಿಗೆ ಕಡಿವಾಣ ಬೇಕಲ್ಲ, ಅದು ರೆಗ್ಯುಲೇಟರ್. ಕಪ್ಪು ಮುಚ್ಚಳದ ಪೆಟ್ಟಿಗೆಯೊಳಗೆ ಮೂರು ಪುಟ್ಟ ವಿದ್ಯುತ್ಕಾಂತಗಳು. ಒಂದು, ವೋಲ್ಟು ಮೀರದಂತೆ ನೋಡುತ್ತದೆ. ಎರಡನೆಯದು, ಆಂಪಿಯರ್ ಮೀರದಂತೆ. ಈ ಡೈನಮೊದ ಮಿತಿ 40. ಮೂರನೆಯದು ಕಟ್ಔಟ್. ಡೈನಮೊ ವೋಲ್ಟು ಬ್ಯಾಟರಿಯನ್ನು ಮೀರಿದಾಗ ಮಾತ್ರ ಬಾಗಿಲು ತೆರೆಯುವ ಕಾವಲುಗಾರ. ಅದಿಲ್ಲದಿದ್ದರೆ ಎಂಜಿನ್ ನಿಂತಾಗ ಬ್ಯಾಟರಿಯೆಲ್ಲ ಡೈನಮೊದೊಳಗೆ ಹರಿದುಹೋಗುತ್ತದೆ.

ಡೈನಮೊದ ಪಟ್ಟಿ ಸರಿಸಿ ಕಾರ್ಬನ್ನುಗಳನ್ನು ನೋಡಿದೆವು. ಉದ್ದ ಸಾಕಷ್ಟಿತ್ತು. ಕಮ್ಯುಟೇಟರ್ ಸ್ವಲ್ಪ ಕಪ್ಪಾಗಿತ್ತು. ಕಾಕ ಎಮರಿ ಕಾಗದ ತೆಗೆದರು, ನಾನು ಬೇಡವೆಂದು ನಯವಾದ ಮರಳು ಕಾಗದ ಕೊಟ್ಟೆ. ಎಮರಿಯ ಪುಡಿ ವಿದ್ಯುತ್ತನ್ನು ಹರಿಯಗೊಡುತ್ತದೆ, ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕುಳಿತರೆ ಹೊಸ ರೋಗ. ಒರೆಸಿ, ಎಂಜಿನ್ ಓಡಿಸಿ, ಡೈನಮೊದ ‘ಎ’ ತುದಿಗೆ ಮೀಟರ್ ಹಿಡಿದರೆ ಒಂದು ವೋಲ್ಟ್. ಉಳಿಕೆಯ ಕಾಂತತ್ವ ಇದೆ, ಅದು ಬೆಳೆಯುತ್ತಿಲ್ಲ.

ಈಗ ನಿಜವಾದ ಪರೀಕ್ಷೆ. ಈ ಡೈನಮೊದಲ್ಲಿ ಕಾಂತದ ಸುರುಳಿಯ ಒಂದು ತುದಿ ಒಳಗೇ ‘ಎ’ಗೆ ಸೇರಿದೆ. ಇನ್ನೊಂದು ತುದಿ, ‘ಎಫ್’, ತಂತಿಯ ಮೂಲಕ ರೆಗ್ಯುಲೇಟರಿಗೆ ಹೋಗಿ ಅಲ್ಲಿಂದ ಅರ್ಥ್ ಸೇರುತ್ತದೆ. ‘ಎಫ್’ ತಂತಿಯನ್ನು ಕಳಚಿ, ಡೈನಮೊದ ‘ಎಫ್’ ತುದಿಯನ್ನು ಅದರ ಮೈಗೇ ಒಂದು ತುಂಡು ತಂತಿಯಿಂದ ಮುಟ್ಟಿಸಿದೆ. ರೆಗ್ಯುಲೇಟರನ್ನು ಬದಿಗಿಟ್ಟು ಪೂರ್ತಿ ಕಡಿವಾಣ ಬಿಟ್ಟಂತೆ. ಹೀಗೆ ಮಾಡುವಾಗ ಎಂಜಿನ್ನಿನ ವೇಗ ಏರಿಸಬಾರದು, ಕೆಲವೇ ಸೆಕೆಂಡು ಸಾಕು. ಮೀಟರು ಒಂದರಿಂದ ನೆಗೆದು ಏಳನ್ನು ದಾಟಿತು. ಡೈನಮೊ ಗುಂಡುಕಲ್ಲಿನಂತೆ ಗಟ್ಟಿಯಾಗಿದೆ!

ಆದರೆ ಹುಡುಗಿ ಡ್ಯಾಶ್‌ಬೋರ್ಡಿನ ಕಡೆ ನೋಡುತ್ತಿದ್ದಳು. ‘ಸರ್, ಏಳು ವೋಲ್ಟು ಬಂದರೂ ಆಮೀಟರ್ ಅಲ್ಲಾಡಲಿಲ್ಲ.’ ಅದು ನಿಜ. ವೋಲ್ಟು ಏರಿದ ಕೂಡಲೇ ಕಟ್ಔಟ್ ಟಿಕ್ ಎಂದು ಮುಚ್ಚಿಕೊಂಡು ಬ್ಯಾಟರಿಗೆ ದಾರಿ ಬಿಡಬೇಕಿತ್ತು. ಬಿಡಲಿಲ್ಲ.

‘ಅದನ್ನೇ ನಾನು ಹೇಳಿದ್ದು, ರೆಗ್ಯುಲೇಟರ್ ಸುಟ್ಟಿದೆ’ ಎಂದರು ಕಾಕ. ಮುಚ್ಚಳ ತೆಗೆದು ನೋಡಿದರೆ ಸುಟ್ಟ ವಾಸನೆ ಇಲ್ಲ, ಸುರುಳಿಗಳ ಬಣ್ಣ ಕೆಟ್ಟಿಲ್ಲ, ಸಂಪರ್ಕ ಬಿಂದುಗಳು ಸ್ವಚ್ಛ. ಕತ್ತಲಾಗುತ್ತಿತ್ತು. ಸುಬೇದಾರರು ಬಂದು ಒಂದು ಚಿಟ್ಟೆತಿರುಪು ಸಡಿಲಿಸಿ ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರು. ಬೆಳಕು ನೇರ ಎಂಜಿನ್ನಿನ ಮೇಲೆ ಬಿತ್ತು. ರಾತ್ರಿ ರಿಪೇರಿಗೆಂದೇ ಯುದ್ಧಕಾಲದ ಜೀಪಿನಲ್ಲಿ ಮಾಡಿದ ಏರ್ಪಾಡು ಅದು. ಇಂದಿನ ಯಾವ ಲಕ್ಷಗಟ್ಟಲೆ ಬೆಲೆಯ ಕಾರಿನಲ್ಲೂ ನಾನು ಇದನ್ನು ಕಂಡಿಲ್ಲ.

ಆ ಬೆಳಕಿನಲ್ಲಿ ಹುಡುಗಿ ಸುಮ್ಮನೆ ನಿಂತಿದ್ದವಳು ಕೇಳಿದಳು: ‘ಒಳಗೆ ಎರಡು ಬೇರೆ ಬೇರೆ ಉಪಕರಣ ಒಟ್ಟಿಗೆ ಕೆಡುತ್ತವಾ ಸರ್? ಸುರುಳಿಗೆ ಅರ್ಥ್ ಕೊಡುವುದು ವೋಲ್ಟಿನ ರೆಗ್ಯುಲೇಟರ್. ಬಾಗಿಲು ಮುಚ್ಚುವುದು ಕಟ್ಔಟ್. ಎರಡಕ್ಕೂ ಸಾಮಾನ್ಯವಾಗಿ ಇರೋದು ಏನು?’

ಎರಡಕ್ಕೂ ಸಾಮಾನ್ಯವಾಗಿರುವುದು ಪೆಟ್ಟಿಗೆಯ ತಳ. ಸುರುಳಿಯ ಪ್ರವಾಹ ಆ ತಳದ ಮೂಲಕವೇ ಮಡ್‌ಗಾರ್ಡಿಗೆ ಇಳಿದು ಅರ್ಥ್ ಸೇರಬೇಕು. ಕಟ್ಔಟಿನ ಸುರುಳಿಯ ಹಿಂದಾರಿಯೂ ಅದೇ. ‘ಎಫ್’ ತಂತಿಯನ್ನು ಮತ್ತೆ ಸೇರಿಸಿ, ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ತಳಕ್ಕೂ ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೂ ಹಿಡಿಯಲು ಹೇಳಿದೆ. ಎರಡೂ ಅರ್ಥ್ ಆಗಿದ್ದರೆ ಅಲ್ಲಿ ಸೊನ್ನೆ ಬರಬೇಕು. ಬಂದದ್ದು ಒಂದು ವೋಲ್ಟ್. ಡೈನಮೊದ ‘ಎ’ ತುದಿಯಲ್ಲಿದ್ದ ಅದೇ ಒಂದು ವೋಲ್ಟ್, ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ಅಂದರೆ ಡೈನಮೊದಿಂದ ಹೊರಟ ವಿಭವ ಸುರುಳಿ ದಾಟಿ, ರೆಗ್ಯುಲೇಟರ್ ದಾಟಿ, ಪೆಟ್ಟಿಗೆಯ ತಳದವರೆಗೂ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ನಿಂತಿದೆ. ಎಂಜಿನ್ ನಿಲ್ಲಿಸಿ ಓಮ್ ಮೀಟರಿನಲ್ಲಿ ನೋಡಿದ್ದರೆ ಮೂರೋ ನಾಲ್ಕೋ ಓಮ್ ತೋರಿಸಿ ‘ಸಂಪರ್ಕ ಇದೆ’ ಎಂದು ನಂಬಿಸುತ್ತಿತ್ತು. ಅದು ಡೈನಮೊದ ಸುರುಳಿಯನ್ನು ಬಳಸಿ ಬಂದ ಕಳ್ಳದಾರಿ. ತಂತಿಗಳನ್ನು ಕಳಚದೆ ಓಮ್ ಅಳೆಯಬಾರದು ಎಂದು ಲ್ಯಾಬಿನಲ್ಲಿ ಹೇಳುವುದು ಇದಕ್ಕೇ.

ಕಾಕನವರ ಕೈಗೆ ಒಂದು ತಂತಿ ಕೊಟ್ಟೆ. ಒಂದು ತುದಿ ರೆಗ್ಯುಲೇಟರಿನ ತಳಕ್ಕೆ, ಇನ್ನೊಂದು ಡೈನಮೊದ ಮೈಗೆ. ಮುಟ್ಟಿಸಿದ್ದೇ ತಡ, ಪೆಟ್ಟಿಗೆಯೊಳಗೆ ಟಿಕ್ ಎಂದಿತು. ಎಂಜಿನ್ನಿನ ಸದ್ದು ಸ್ವಲ್ಪ ಭಾರವಾಯಿತು. ಹೆಡ್‌ಲೈಟು ಹಳದಿಯಿಂದ ಬೆಳ್ಳಗಾಯಿತು. ಸ್ಟಿಯರಿಂಗಿನ ಮುಂದೆ ಕುಳಿತಿದ್ದ ಸುಬೇದಾರರು, ‘ಇಪ್ಪತ್ತು! ಬಲಕ್ಕೆ ಇಪ್ಪತ್ತು!’ ಎಂದು ಕೂಗಿದರು. ಕಾಕ ತಂತಿ ತೆಗೆದರು, ಮುಳ್ಳು ಬಿತ್ತು. ಮುಟ್ಟಿಸಿದರು, ಎದ್ದಿತು. ನಾಲ್ಕು ಸಲ ಹಾಗೆ ಮಾಡಿ, ‘ಓ ರಬ್ಬೇ, ಬಣ್ಣ!’ ಎಂದು ಹಣೆ ಬಡಿದುಕೊಂಡರು.

ಬಣ್ಣವೇ. 2022ರ ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ, ಅಂದರೆ ಕೊಡವರ ಆಯುಧ ಪೂಜೆಗೆ, ಸುಬೇದಾರರು ಜೀಪನ್ನು ಪೂರ್ತಿ ಕೆರೆಸಿ ಹಸಿರು ಬಣ್ಣ ಹೊಡೆಸಿದ್ದರು. ಗ್ಯಾರೇಜಿನವರು ಶ್ರದ್ಧೆಯಿಂದಲೇ ಮಾಡಿದ್ದರು. ಮಡ್‌ಗಾರ್ಡಿನ ಒಳಮೈಗೂ ಎರಡು ಕೋಟು, ರೆಗ್ಯುಲೇಟರಿನ ತಳಕ್ಕೂ ಕಪ್ಪು ಬಣ್ಣ. ತುಕ್ಕು ಹಿಡಿದ ಹಳೆಯ ವಾಷರುಗಳನ್ನು ಎಸೆದು ಹೊಳೆಯುವ ಹೊಸ ಚಪ್ಪಟೆ ವಾಷರು ಹಾಕಿದ್ದರು. ಬಣ್ಣ ಒಳ್ಳೆಯ ಅವಾಹಕ. ಮೊದಲ ಕೆಲವು ತಿಂಗಳು ಸ್ಕ್ರೂಗಳ ಎಳೆಗಳ ಮೂಲಕವೇ ಹೇಗ್ಹೇಗೋ ಅರ್ಥ್ ಸಿಕ್ಕಿತು. ‘ಮುಳ್ಳು ಆಗಾಗ ಕುಣಿಯುತ್ತಿತ್ತು ಮೇಷ್ಟ್ರೇ, ಮೀಟರಿಗೆ ವಯಸ್ಸಾಯಿತು ಅಂದುಕೊಂಡೆ’ ಎಂದರು ಸುಬೇದಾರರು. ಜೂನಿನ ಮಳೆಗೆ ಆ ಎಳೆಗಳೂ ತುಕ್ಕು ಹಿಡಿದವು.

ಊಟಕ್ಕೆ ಕುಳಿತಾಗ, ಕಡಂಬುಟ್ಟಿನ ಪಕ್ಕದಲ್ಲೇ, ಹುಡುಗಿ ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಬಣ್ಣ ಕೆರೆಯುವಾಗ ಬಾನೆಟ್ಟಿನ ಮೇಲೆ ಹಳೆಯ ಪದರಗಳ ಕೆಳಗೆ ಮಸುಕಾದ ಸಂಖ್ಯೆಯೊಂದು ಕಂಡಿತ್ತಂತೆ. ಸಂಖ್ಯೆಯ ಕೊನೆಗೆ ಒಂದು ‘ಎಸ್’. ಮನೆಯಲ್ಲಿ ಅದಕ್ಕೆ ಬಗೆಬಗೆಯ ಅರ್ಥ ಹೇಳಿದ್ದರು. ‘ಸ್ಪೆಷಲ್’ ಎಂದು ಒಬ್ಬರು, ‘ಸೋಲ್ಜರ್’ ಎಂದು ಇನ್ನೊಬ್ಬರು. ಅಮೆರಿಕದ ಸೇನೆಯಲ್ಲಿ ಆ ‘ಎಸ್’ ಇದ್ದರೆ, ಗಾಡಿಯ ವಿದ್ಯುತ್ ಕಿಡಿಗಳು ರೇಡಿಯೋಗೆ ತೊಂದರೆ ಕೊಡದಂತೆ ಅಡಗಿಸಿದ್ದಾರೆ ಎಂದು ಅರ್ಥ. ಎಂಜಿನ್ನಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಪ್ರಸಾರವೇ. ಅದನ್ನು ಅಡಗಿಸಲು ಬಾನೆಟ್, ಮಡ್‌ಗಾರ್ಡ್, ಎಂಜಿನ್, ಪೆಟ್ಟಿಗೆಗಳನ್ನೆಲ್ಲ ಹೆಣೆದ ತಾಮ್ರದ ಪಟ್ಟಿಗಳಿಂದಲೂ, ಬಣ್ಣವನ್ನು ಕಚ್ಚಿ ಲೋಹಕ್ಕೆ ತಾಗುವ ಹಲ್ಲಿನ ವಾಷರುಗಳಿಂದಲೂ ಒಂದೇ ಮೈಯಾಗಿ ಬೆಸೆಯುತ್ತಿದ್ದರು. ಗ್ಯಾರೇಜಿನಲ್ಲಿ ಎಸೆದದ್ದು ಆ ಹಲ್ಲಿನ ವಾಷರುಗಳನ್ನು. ಹಲ್ಲು ಅಲಂಕಾರಕ್ಕಲ್ಲ ಎಂದು ಪಾಪ ಅವರಿಗೆ ಯಾರು ಹೇಳಬೇಕು?

ಭಾನುವಾರ ಬೆಳಿಗ್ಗೆ ಕಾಕ ಮಡಿಕೇರಿಯಿಂದ ನಾಲ್ಕು ಹಲ್ಲಿನ ವಾಷರು ತಂದರು. ನಾಲ್ಕಕ್ಕೂ ಸೇರಿ ಒಂದು ಕಾಫಿಯ ಬೆಲೆಯೂ ಆಗಿರಲಿಲ್ಲ. ಬ್ಯಾಟರಿಯ ಅರ್ಥ್ ಕೊಂಡಿ ಕಳಚಿ, ರೆಗ್ಯುಲೇಟರ್ ಇಳಿಸಿ, ಅದರ ತಳವನ್ನೂ ಮಡ್‌ಗಾರ್ಡಿನ ಜಾಗವನ್ನೂ ಹೊಳೆಯುವಂತೆ ಉಜ್ಜಿದೆವು. ಹಳೆಯ ಗಾಡಿಯೊಂದರ ಹೆಣೆದ ಪಟ್ಟಿಯನ್ನು ಕಾಕ ಎಲ್ಲಿಂದಲೋ ಹುಡುಕಿದ್ದರು. ಅದನ್ನು ರೆಗ್ಯುಲೇಟರಿನ ತಳದಿಂದ ಎಂಜಿನ್ನಿಗೆ ಸೇರಿಸಿದೆವು. ಬಿಗಿ ಮಾಡಿದ ಮೇಲೆ ಸುತ್ತ ವ್ಯಾಸಲಿನ್ ಬಳಿದು ನೀರು ಹೋಗದಂತೆ ಮಾಡಿದ್ದಾಯಿತು. ಮೊದಲೇ ಬಳಿದರೆ ಸಂಪರ್ಕಕ್ಕೆ ಅಡ್ಡ, ಆಮೇಲೆ ಬಳಿದರೆ ರಕ್ಷೆ.

ಎಂಜಿನ್ ಶುರು. ತಳದಿಂದ ಬ್ಯಾಟರಿಯ ಋಣಕ್ಕೆ ಅಳತೆ: ಸೊನ್ನೆ. ಬ್ಯಾಟರಿಯಲ್ಲಿ 7.2. ಮುಳ್ಳು ಮೊದಲು ಬಲಕ್ಕೆ ಇಪ್ಪತ್ತು ದಾಟಿತು. ಹತ್ತು ನಿಮಿಷದಲ್ಲಿ ಹದಿನೈದಕ್ಕೆ, ಅರ್ಧ ಗಂಟೆಗೆ ಎಂಟಕ್ಕೆ ಇಳಿಯಿತು. ಇದು ದೋಷವಲ್ಲ. ಬ್ಯಾಟರಿಯ ಹೊಟ್ಟೆ ತುಂಬುತ್ತ ಬಂದಂತೆ ರೆಗ್ಯುಲೇಟರ್ ಬಡಿಸುವುದನ್ನು ಕಡಿಮೆ ಮಾಡುತ್ತದೆ. ಇಪ್ಪತ್ತರಲ್ಲೇ ನಿಂತಿದ್ದರೆ ಆಗ ಹೆದರಬೇಕು, ಬ್ಯಾಟರಿಯ ನೀರು ಕುದಿಯುತ್ತದೆ. ಹುಡುಗಿ ಈ ಅಂಕಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ದೀಪ ಹಾಕಿದಾಗ, ಆರಿಸಿದಾಗ, ಮೆಲ್ಲಗೆ ಓಡುವಾಗ ಎಂದು ಕೋಷ್ಟಕ ಮಾಡಿ ಅಜ್ಜನಿಗೆ ಕೊಟ್ಟಳು. ಎಂಜಿನ್ ತೀರ ಮೆಲ್ಲಗೆ ಓಡುವಾಗ ಡೈನಮೊ ಚಾರ್ಜು ಕೊಡುವುದಿಲ್ಲ. ನಿಲ್ಲಿಸಿಕೊಂಡು ದೀಪ ಹಾಕಿದರೆ ಮುಳ್ಳು ಎಡಕ್ಕೆ ಹೋಗುತ್ತದೆ. ಆಲ್ಟರ್ನೇಟರಿಗೆ ಒಗ್ಗಿದವರು ಇದನ್ನು ಕಂಡು ಗಾಬರಿಯಾಗುತ್ತಾರೆ. ಅದನ್ನೂ ಅವಳು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು.

ಸಂಜೆ ಐದಕ್ಕೆ ನನ್ನನ್ನು ಬಸ್ಸಿಗೆ ಬಿಡಲು ಅದೇ ಜೀಪು ಹೊರಟಿತು. ಲೈನು ಮನೆಗಳ ಮುಂದೆ ಸದ್ದು ಕೇಳಿ ಮಕ್ಕಳು ಓಡಿಬಂದರು. ಎಲ್ಲರಿಗಿಂತ ಹಿಂದೆ ಆ ಪುಟ್ಟ ಹುಡುಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು. ‘ನಾಳೆ ಬರ್ತದಾ ತಾತ?’ ಎಂದು ಅಲ್ಲಿಂದಲೇ ಕೇಳಿದಳು. ‘ಏಳೂವರೆಗೆ. ಬ್ಯಾಗು ರಾತ್ರಿಯೇ ಜೋಡಿಸಿಡು’ ಎಂದರು ಸುಬೇದಾರರು. ಅವಳ ತಾಯಿ ಏನೂ ಹೇಳಲಿಲ್ಲ, ಜೀಪಿನ ದೀಪಗಳನ್ನು ಸ್ವಲ್ಪ ಹೊತ್ತು ನೋಡಿದಳು.

ದಿಮ್ಮಿಗಳ ಸೇತುವೆ ದಾಟಿ ತಿರುವಿಗೆ ಬಂದಾಗ ಮಂಜು ದಟ್ಟವಾಗಿತ್ತು. ಕುಸಿದ ಅಂಚಿನಲ್ಲಿ ಸುಬೇದಾರರೇ ನೆಟ್ಟ ಬಿಳಿ ಗೂಟಗಳು ಒಂದೊಂದಾಗಿ ಬೆಳಕಿಗೆ ಬಂದು ಹಿಂದೆ ಸರಿದವು. ಏರು ಹತ್ತುವಾಗ ದೀಪ ಹಾಕಿಯೂ ಮುಳ್ಳು ಬಲಕ್ಕೆ ಐದರಲ್ಲಿತ್ತು. ಹಿಂದಿನ ಎಡ ದೀಪ ಮಾತ್ರ ಮಿಣಮಿಣ ಎನ್ನುತ್ತಿದೆ, ಅದರ ಹೋಲ್ಡರಿಗೂ ಬಣ್ಣ ಕುಡಿಸಿದ್ದಾರೆ ಎಂದು ಕಾಕ ಹೇಳಿದರು. ಕೈಲ್‌ಪೊಳ್ದಿಗೆ ಇನ್ನು ಒಂದು ತಿಂಗಳಿತ್ತು. ಅಷ್ಟರೊಳಗೆ ಅದನ್ನೂ ನೋಡೋಣ ಎಂದರು ಸುಬೇದಾರರು. ‘ಈ ಸಲ ಹೂವು, ಗಂಧ ಸಾಕು ಅಜ್ಜ’ ಎಂದಳು ಮೊಮ್ಮಗಳು. ಅಷ್ಟರಲ್ಲಿ ಬಸ್ಸು ಬಂತು.